ತುಂಗಾ ಹೊಳೆಯಲ್ಲಿ ಸಿಕ್ಕಿದ್ದು ಶಾರ್ಕ್ ಹಲ್ಲೇ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಹೊಳೆ ಮರಳಿನಲ್ಲಿ ಕಪ್ಪಗೆ ಹೊಳೆಯುವ ತ್ರಿಕೋನದ ಕಲ್ಲೊಂದು ಸಿಕ್ಕಿದೆ, ಹೆಬ್ಬೆರಳಿನಷ್ಟಿದೆ. ಹಳೇ ಕಾಲದ ಶಾರ್ಕ್ ಹಲ್ಲು ಅಂತ ಮಗಳು ಹೇಳುತ್ತಾಳೆ. ಪರೀಕ್ಷೆ ಮಾಡುವುದು ಹೇಗೆ?

ಉತ್ತರ: ಕಲ್ಲಿಗಿಂತ ಮೊದಲು ನೆಲ ನೋಡಿ. ಶಿವಮೊಗ್ಗ ಸೀಮೆಯ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಶಾರ್ಕ್ ಕುಲ ಹುಟ್ಟಿ ಹೆಚ್ಚೆಂದರೆ ಸುಮಾರು 45 ಕೋಟಿ ವರ್ಷ. ನಮ್ಮ ಜಂಬಿಟ್ಟಿಗೆಯೂ ಆ ಹಳೇ ಬಂಡೆ ಮಳೆ-ಬಿಸಿಲಿಗೆ ಕೊಳೆತು ಆದದ್ದೇ, ಕಡಲ ತಳದ ಕೆಸರಲ್ಲ. ಹಾಗಾಗಿ ಇಲ್ಲಿನ ಹೊಳೆಯಲ್ಲಿ ಶಾರ್ಕ್ ಪಳೆಯುಳಿಕೆ ಸಿಗುವ ದಾರಿಯೇ ಇಲ್ಲ.

ಆದರೂ ಮಗಳ ಕೈಯಲ್ಲೇ ಪರೀಕ್ಷೆ ಮಾಡಿಸಿ. ಹೊಳಪಿಲ್ಲದ ಬಿಳಿ ಟೈಲ್ಸಿನ ಹಿಂಬದಿಗೆ ಕಲ್ಲಿನ ಅಂಚನ್ನು ಒತ್ತಿ ಎಳೆಯಲಿ. ಕೆಂಪು-ಕಂದು ಗೆರೆ ಮೂಡಿದರೆ ಕಬ್ಬಿಣದ ಅದಿರು. ಕಪ್ಪು ಗೆರೆಯಾದರೆ ಮ್ಯಾಂಗನೀಸ್ ಇರಬಹುದು, ಕುಂಸಿ ಕಡೆ ಅದರ ಗಣಿಗಳಿದ್ದವು. ಗೆರೆಯೇ ಮೂಡದೆ ಗಾಜಿನ ಮೇಲೆ ಗೀರು ಬಿದ್ದರೆ ಬೆಣಚುಕಲ್ಲಿನ ಜಾತಿ. ಹಲ್ಲಿನ ಖನಿಜ ಗಾಜಿಗಿಂತ ಮೆತ್ತಗೆ, ಗೀರಲಾರದು.

ನಿಜವಾದ ಹಲ್ಲಿಗೆ ಎರಡು ಮೈ: ಮೇಲೆ ನುಣುಪಾದ ಹೊಳೆಯುವ ಕಿರೀಟ, ಕೆಳಗೆ ಸಣ್ಣ ತೂತುಗಳಿರುವ ಮಂಕಾದ ಬೇರು. ಎರಡೂ ಸೇರುವ ಗೆರೆ ಭೂತಗನ್ನಡಿಯಲ್ಲಿ ಸ್ಪಷ್ಟ ಕಾಣುತ್ತದೆ. ಕಲ್ಲು ಎಲ್ಲ ಕಡೆ ಒಂದೇ ಥರ ಹೊಳೆದರೆ ಅದು ಹೊಳೆನೀರು ಉಜ್ಜಿದ ಹೊಳಪು.

ಶಾರ್ಕ್‌ಗಳಿಗೆ ಗಟ್ಟಿ ಮೂಳೆಯಿಲ್ಲ, ಮೃದ್ವಸ್ಥಿ ಬೇಗ ಕೊಳೆಯುತ್ತದೆ. ಹಲ್ಲು ಮಾತ್ರ ಬಾಳುತ್ತದೆ. ಒಂದು ಮೀನು ಆಯುಸ್ಸಿನುದ್ದಕ್ಕೂ ಸಾವಿರಾರು ಹಲ್ಲು ಉದುರಿಸುತ್ತದೆ. ಅದಕ್ಕೇ ಟೈಕೋಡಸ್ ಎಂಬ ಅಳಿದ ಶಾರ್ಕ್ ಬಹುಕಾಲ ಹೆಚ್ಚಾಗಿ ಹಲ್ಲಿನಿಂದಲೇ ಪರಿಚಿತವಾಗಿತ್ತು. ಇಡೀ ದೇಹದ ಅಚ್ಚು ಮೆಕ್ಸಿಕೋದಲ್ಲಿ ಸಿಕ್ಕಿ, ಅದರ ವಿವರ ಹೊರಬಂದದ್ದು 2024ರಲ್ಲಿ. ಇದರ ಹಲ್ಲು ತ್ರಿಕೋನವೂ ಅಲ್ಲ! ಚೌಕಾಕಾರ, ಮೇಲೆ ಸಾಲು ಸಾಲು ಏಣು, ಹೊಸದಾಗಿ ಉಳಿ ಪೆಟ್ಟು ಹಾಕಿಸಿದ ಬೀಸುವ ಕಲ್ಲಿನ ಹಾಗೆ. ಚಿಪ್ಪಿನ ಜೀವಿಗಳನ್ನು ಅರೆಯಲು ಬಾಯಿ ತುಂಬ ನೂರಾರು ಹಾಸಿರುತ್ತಿದ್ದವು. ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕಾರೈ ಸುತ್ತಿನ ಕಡಲ ಮಣ್ಣಿನ ಪದರದಲ್ಲಿ ಇವು ಸಿಕ್ಕಿವೆ.

ಮುಂದೆಂದಾದರೂ ನಿಜವಾದ ಹಲ್ಲು ಮಗಳ ಕೈಸೇರಿದರೆ ಹುಣಸೆಹುಳಿ, ನಿಂಬೆರಸ ಹಾಕಿ ತಿಕ್ಕಲು ಬಿಡಬೇಡಿ. ಹುಳಿ ತಾಗಿದರೆ ಹಲ್ಲಿನ ರಂಜಕದ ಖನಿಜ ಕರಗಿ ಹೊಳಪು ಹೋಗುತ್ತದೆ. ತಣ್ಣೀರು, ಮೆತ್ತನೆ ಬ್ರಷ್ ಸಾಕು.