ಕೆಂಪು ಬಾವುಟ ಸರಿ, ಅಂಕ ಹಂಚಿದ್ದು ತಪ್ಪು

ತೀರ್ಥಹಳ್ಳಿಯಿಂದ ಬರೆದ ಓದುಗರೇ,

ಆಷಾಢದ ಜಡಿಮಳೆಯಲ್ಲೂ ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸು ಇಳಿಯುತ್ತದೆ, ಕೋಟಿಗಟ್ಟಲೆ ಬೆಲೆಯ ಫಾರ್ಮುಲಾ ಒನ್ ಕಾರು ಮಳೆಗೆ ನಿಲ್ಲುವುದೇಕೆ ಎಂದು ಕೇಳಿದ್ದೀರಿ. ಓಡದ ರೇಸಿನಲ್ಲಿ ಗೆದ್ದವರು ಯಾರು ಎಂಬುದು ನಿಮ್ಮ ಎರಡನೇ ಪ್ರಶ್ನೆ. ಅದಕ್ಕೆ 2021ರ ಬೆಲ್ಜಿಯಂ ರೇಸನ್ನು ಉದಾಹರಿಸಿದ್ದೀರಿ.

ಘಾಟಿಯ ತಿರುವಿನಲ್ಲಿ ಬಸ್ಸಿನ ವೇಗ ಇಪ್ಪತ್ತರ ಆಸುಪಾಸು. ಟೈರಿನಡಿಯ ನೀರಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತು ಸಿಗುತ್ತದೆ. ವೇಗ ಏರಿದಂತೆ ಅದೇ ನೀರು ಟೈರಿನ ಮುಂದೆ ಬೆಣೆಯಂತೆ ಹೊಕ್ಕು ಟೈರನ್ನೇ ಎತ್ತಿಬಿಡುತ್ತದೆ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ. ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ. ಈ ಕಾರುಗಳಿಗೆ ಪಿರೆಲ್ಲಿ ಕಂಪನಿ ಕೊಡುವ ಮಳೆ ಟೈರು 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 85 ಲೀಟರ್ ನೀರನ್ನು ಹೊರಗೆಸೆಯುತ್ತದೆ. ಆದರೆ ಕಾರಿನ ತಳ ನೆಲಕ್ಕೆ ತೀರಾ ಹತ್ತಿರ. ನೀರು ನಿಂತ ಕಡೆ ತಳದ ಹಲಗೆಯೇ ದೋಣಿಯಂತೆ ತೇಲತೊಡಗಿದರೆ ಟೈರಿನ ಗೀರುಗಳು ಉಪಯೋಗಕ್ಕೆ ಬರುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಕಣ್ಣು ಕಾಣದಿರುವುದು. ಆ 85 ಲೀಟರ್ ಮಂಜಾಗಿ ಹಿಂದಿನವನ ಮುಖಕ್ಕೇ ಬರುತ್ತದೆ. ಅವನಿಗೆ ಕಾಣುವುದು ಮುಂದಿನ ಕಾರಿನ ಕೆಂಪು ದೀಪವೊಂದೇ; ಹತ್ತನೆಯವನಿಗೆ ಅದೂ ಕಾಣದು. ಮುಂದೆ ಯಾರಾದರೂ ಅಡ್ಡ ತಿರುಗಿ ನಿಂತಿದ್ದರೆ ಗೊತ್ತಾಗುವುದು ಗುದ್ದಿದ ಮೇಲೆಯೇ. ನೀವು ಹೇಳಿದ ಬೆಲ್ಜಿಯಂ ರೇಸ್ ನಡೆದ ಸ್ಪಾ ಟ್ರ್ಯಾಕಿನಲ್ಲಿ ಹಿಂದಿನ ದಿನದ ಅರ್ಹತಾ ಸುತ್ತಿನಲ್ಲೇ ಚಾಲಕ ಲ್ಯಾಂಡೋ ನಾರಿಸ್ ಮಳೆಯಲ್ಲಿ ಏರುತಿರುವಿನ ಬಳಿ ಗೋಡೆಗೆ ಬಡಿದಿದ್ದರು. ನಿಲ್ಲಿಸಿದ್ದನ್ನು ಪುಕ್ಕಲುತನ ಎಂದು ನಾವು ಒಪ್ಪುವುದಿಲ್ಲ.

ನಿಮ್ಮ ಸಿಟ್ಟು ನ್ಯಾಯವಾಗಿರುವುದು ಅಂಕಗಳ ವಿಷಯದಲ್ಲಿ. 44 ಸುತ್ತಿನ ಆ ರೇಸಿನಲ್ಲಿ ಕಾರುಗಳು, ವೇಗ ತಗ್ಗಿಸಲು ಎಲ್ಲರ ಮುಂದೆ ಓಡುವ ಸೇಫ್ಟಿ ಕಾರಿನ ಹಿಂದೆ ಮೆರವಣಿಗೆಯಂತೆ ಹೋದವು, ಒಬ್ಬರನ್ನೊಬ್ಬರು ಹಿಂದಿಕ್ಕುವಂತಿರಲಿಲ್ಲ. ರೇಸ್ ನಿಲ್ಲಿಸುವ ಕೆಂಪು ಬಾವುಟ ಬಿದ್ದು ಮತ್ತೆ ಶುರುವಾಗದಿದ್ದರೆ ಫಲಿತಾಂಶವನ್ನು ಬಾವುಟ ಬಿದ್ದ ಸುತ್ತಿಗಿಂತ ಎರಡು ಸುತ್ತು ಹಿಂದಕ್ಕೆ ಎಳೆಯುವುದು ಆಗಿನ ನಿಯಮ. ಹಾಗಾಗಿ ಲೆಕ್ಕಕ್ಕೆ ಬಂದದ್ದು ಒಂದೇ ಸುತ್ತು, ಏಳು ಕಿ.ಮೀ. ಅಷ್ಟಕ್ಕೇ ಅರ್ಧ ಅಂಕ, ಗೆದ್ದವರೆನಿಸಿದ ವರ್ಸ್ಟಾಪನ್‌ಗೆ 25ರ ಬದಲು 12.5. ಮಳೆಗೆ ನಿಂತ ಹಿಂದಿನ ರೇಸುಗಳಲ್ಲಿ, 1991ರ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 14 ಸುತ್ತು, 2009ರ ಮಲೇಷ್ಯಾದ ಸೆಪಾಂಗ್‌ನಲ್ಲಿ 56ರಲ್ಲಿ 31 ಸುತ್ತು ಲೆಕ್ಕಕ್ಕೆ ಬಂದಿದ್ದವು. ಅಲ್ಲಿ ಪೈಪೋಟಿಯಾದರೂ ನಡೆದಿತ್ತು. ಸೆಪಾಂಗ್‌ನಲ್ಲಿ ಸಂಜೆ ಐದಕ್ಕೆ ರೇಸ್ ಶುರುಮಾಡಿದ್ದೇ ತಪ್ಪು: ಮಳೆ ಕಡಿಮೆಯಾಗಲಿ ಎಂದು ಕಾಯುವಷ್ಟರಲ್ಲಿ ಬೆಳಕು ಹೋಗಿತ್ತು.

2022ರಿಂದ ಸೇಫ್ಟಿ ಕಾರಿಲ್ಲದೆ ಕನಿಷ್ಠ ಎರಡು ಸುತ್ತು ಓಡದಿದ್ದರೆ ಅಂಕವೇ ಇಲ್ಲ. ಕಾಲು ಭಾಗ ಮುಗಿಯುವ ಮೊದಲೇ ನಿಂತರೆ ಮೊದಲ ಐವರಿಗೆ ಮಾತ್ರ 6, 4, 3, 2, 1. ಅರ್ಧದೊಳಗಾದರೆ ಗೆದ್ದವರಿಗೆ 13, ಮುಕ್ಕಾಲಿನೊಳಗಾದರೆ 19. ಆದರೂ ಅದೇ ವರ್ಷ ಜಪಾನಿನ ಸುಝುಕಾದಲ್ಲಿ 53ರಲ್ಲಿ 28 ಸುತ್ತಿಗೇ ಗೆದ್ದವರಿಗೆ ಪೂರ್ತಿ 25 ಸಿಕ್ಕಿತು. ನಿಂತ ರೇಸ್ ಮತ್ತೆ ಶುರುವಾಗದಿದ್ದರೆ ಮಾತ್ರ ಕಡಿತ ಎಂದು ಬರೆದಿದ್ದರು, ಅಲ್ಲಿ ಅದು ಮತ್ತೆ ಶುರುವಾಗಿತ್ತು. ಮರುವರ್ಷ ಆ ವಾಕ್ಯವನ್ನೂ ತಿದ್ದಿದರು.

ನಿಮ್ಮ ಕಾರಿನ ಟೈರ್ ಬಗ್ಗೆಯೂ ಕೇಳಿದ್ದೀರಿ. ಗೀರಿನೊಳಗಿನ ಸಣ್ಣ ದಿಬ್ಬಕ್ಕೆ ಟೈರ್ ಸವೆದು ಸಮನಾದರೆ ಆಳ 1.6 ಮಿ.ಮೀ. ಉಳಿದಿದೆ ಎಂದರ್ಥ, ಕಾನೂನಿನ ಕೊನೆ ಅದು. ಮಲೆನಾಡಿನ ಮಳೆಗೆ ಅದು ಸಾಲದು. 3 ಮಿ.ಮೀ.ಗೆ ಬಂದಾಗಲೇ, ಮೃಗಶಿರ ಹಿಡಿಯುವ ಮುಂಚೆ, ಬದಲಿಸಿ.

– ಸಂ.