ಸಂಪಾದಕರ ಉತ್ತರ: ಹಸಿರಿದ್ರೂ ಹಣ್ಣೇ, ಹಳದಿ ಇದ್ರೂ ಹಣ್ಣೇ

ದಾವಣಗೆರೆಯಿಂದ ಬರೆದಿರೋ ಓದುಗರಿಗೆ ನಮಸ್ಕಾರ. ನಿಮ್ಮ ಪತ್ರ ಆಫೀಸಲ್ಲಿ ಎಲ್ರಿಗೂ ಓದಿ ಹೇಳ್ದೆ, ಈ ಜಗಳ ಬಹಳ ಮನೆಗಳಲ್ಲಿದೆ. ಅತ್ತೆ ತಳ್ಳುಗಾಡಿಯಿಂದ ಪಚ್ಚಬಾಳೆ ತಂದ್ರೆ ಮಕ್ಕಳು "ಇದಿನ್ನೂ ಕಾಯಿ" ಅಂತ ಮುಟ್ಟಲ್ಲ, ನೀವು ಸೂಪರ್‌ಮಾರ್ಕೆಟ್‌ನಿಂದ ಹಳದಿ ಹಣ್ಣು ತಂದ್ರೆ ಅತ್ತೆ "ಇದಕ್ಕೆ ಪೌಡರ್ ಹಾಕಿದಾರೆ" ಅಂತ ಮುಟ್ಟಲ್ಲ, ಕೊನೆಗೆ ಎಲ್ರೂ ಒಪ್ಪೋದು ಸೇಬು ಒಂದೇ, ಅದೂ ಏಪ್ರಿಲ್ ತಿಂಗಳಲ್ಲಿ. ಹಾಗಾದ್ರೆ ತಾಜಾ ಹಣ್ಣು ಅಂದ್ರೆ ಯಾವ್ದು ಅಂತ ಕೇಳಿದೀರಿ.

ಬಾಳೆಹಣ್ಣಿಂದ ಶುರು ಮಾಡ್ತೀನಿ, ಯಾಕಂದ್ರೆ ನಿಮ್ಮನೆ ಜಗಳಕ್ಕೆ ಕಾರಣ ಆಗಿರೋ ಆ ಎರಡು ಹಣ್ಣೂ ಸಾಮಾನ್ಯವಾಗಿ ಒಂದೇ ಕುಲದವು, ಕ್ಯಾವೆಂಡಿಶ್ ಗುಂಪಿನವು. ಈ ಬಾಳೆ ನಮ್ಮ ಸೆಕೆಗೆ, ಅಂದ್ರೆ ಸುಮಾರು 24 ಡಿಗ್ರಿ ದಾಟಿದ ಕಡೆ ಹಣ್ಣಾದ್ರೆ ತಿರುಳು ಮೆತ್ತಗಾಗಿ ಸಿಹಿ ಬರುತ್ತೆ, ಸಿಪ್ಪೆಯ ಹಸಿರು ಮಾತ್ರ ಪೂರ್ತಿ ಬಿಡಲ್ಲ. ಹಸಿರಾಗೇ ಹಣ್ಣಾಗೋದಕ್ಕೆ ಪಚ್ಚಬಾಳೆ ಅನ್ನೋ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತೆ ನೋಡಿ. ಸೂಪರ್‌ಮಾರ್ಕೆಟ್‌ಗೆ ಹೋಗೋದನ್ನ ಕಾಯಿ ಇದ್ದಾಗ್ಲೇ ಕೊಯ್ದು 13-14 ಡಿಗ್ರಿ ತಂಪಲ್ಲಿಟ್ಟು ಸಾಗಿಸ್ತಾರೆ, ಆಮೇಲೆ 16-18 ಡಿಗ್ರಿ ಇರೋ ಕೋಣೇಲಿ ಎಥಿಲೀನ್ ಗ್ಯಾಸ್ ಬಿಟ್ಟು ಹಣ್ಣು ಮಾಡ್ತಾರೆ, ಆ ತಂಪಿಗೆ ಸಿಪ್ಪೆ ಒಂದೇ ಸಮ ಹಳದಿ ಆಗುತ್ತೆ. ನಿಮ್ಮ ಮಕ್ಕಳು ಹಣ್ಣಿನ ಬಣ್ಣ ಅಂತ ನಂಬಿರೋದು ಆ ಕೋಲ್ಡ್ ರೂಮಿನ ಬಣ್ಣ. ಅತ್ತೆಯವ್ರು ಬಣ್ಣ ನೋಡಿ ಬೆಳೆದವ್ರಲ್ಲ, ತೊಟ್ಟು ಮುಟ್ಟಿ, ಒತ್ತಿ, ಮೂಸಿ ನೋಡಿ ತಗೊಂಡವ್ರು.

ಪೌಡರ್ ಬಗ್ಗೆ ಅವ್ರ ಭಯ ಸುಳ್ಳಲ್ಲ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡೋದು ನಮ್ಮ ದೇಶದಲ್ಲಿ ನಿಷೇಧ, ಆದ್ರೂ ಕದ್ದು ಬಳಸೋರಿದ್ದಾರೆ. ಎಥಿಲೀನ್ ಬೇರೆ. ಅದು ಹಣ್ಣು ತಾನೇ ಬಿಡೋ ಅನಿಲ, ಭತ್ತದ ಹುಲ್ಲಲ್ಲಿ ಮಾವು ಅಡೆ ಹಾಕಿದಾಗ ಒಳಗೆ ಕೂಡಿಕೊಂಡು ಕೆಲಸ ಮಾಡೋದೂ ಅದೇ, ಅದನ್ನ 100 ಪಿಪಿಎಂವರೆಗೆ, ಅಂದ್ರೆ ಹತ್ತು ಲಕ್ಷ ಪಾಲು ಗಾಳೀಲಿ ನೂರು ಪಾಲಿನವರೆಗೆ, ಬಳಸೋಕೆ ಕಾನೂನು ಬಿಡುತ್ತೆ.

ಇನ್ನು ಸೇಬು. ಕಾಶ್ಮೀರದಲ್ಲಿ ಮುಖ್ಯವಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕೀಳ್ತಾರೆ, ಅಂದ್ರೆ ಏಪ್ರಿಲ್‌ನಲ್ಲಿ ನೀವು ತಿಂದ ಕಾಶ್ಮೀರಿ ಸೇಬಿಗೆ ಆರು ತಿಂಗಳಾದ್ರೂ ಆಗಿರುತ್ತೆ. ಕಿತ್ತ ಮೇಲೂ ಹಣ್ಣು ಉಸಿರಾಡ್ತಾ ಇರುತ್ತೆ, ಗಾಳಿಯಲ್ಲಿ ಸುಮಾರು 21% ಇರೋ ಆಮ್ಲಜನಕವನ್ನ 1-3%ಗೆ ಇಳಿಸಿ ಸೊನ್ನೆ ಡಿಗ್ರಿ ಆಸುಪಾಸಲ್ಲಿ ಇಟ್ರೆ ಆ ಉಸಿರು ನಿಧಾನ ಆಗುತ್ತೆ. ಇಂಗ್ಲೆಂಡಿನ ಕಿಡ್ ಮತ್ತು ವೆಸ್ಟ್ ಅನ್ನೋ ಇಬ್ಬರು ವಿಜ್ಞಾನಿಗಳು 1920ರ ದಶಕದಲ್ಲಿ ಇದಕ್ಕೆ ದಾರಿ ಮಾಡಿದ್ರು. ಇದು ಮೋಸ ಅಲ್ಲ, ಒಳ್ಳೆ ಕೆಲಸವೇ, ಆದ್ರೆ ತಿಂಗಳುಗಟ್ಟಲೆ ಹಾಗಿಟ್ಟ ಸೇಬಿಗೆ ಗರಿಗರಿ ಉಳಿದ್ರೂ ಪರಿಮಳ ಕಮ್ಮಿ ಆಗುತ್ತೆ. ನಾನು ಚಿಕ್ಕವನಿದ್ದಾಗ ಸೇಬು ಅಂದ್ರೆ ಆಸ್ಪತ್ರೆಗೆ ಯಾರನ್ನಾದ್ರೂ ನೋಡೋಕೆ ಹೋಗುವಾಗ ತಗೊಂಡು ಹೋಗೋ ಹಣ್ಣು, ಲಾರೀಲಿ ಬಿಸಿಲಲ್ಲಿ ಬಂದು ಒಳಗೆ ಹಿಟ್ಟುಹಿಟ್ಟಾಗಿರ್ತಿತ್ತು, ಕವರ್ ಬಿಚ್ಚಿದ್ರೆ ವಾರ್ಡೆಲ್ಲ ಘಮ ಅನ್ನೋದು. 1999ರ ನಂತರ ವಾಷಿಂಗ್ಟನ್ ಸೇಬು ಬರೋಕೆ ಶುರುವಾಯ್ತು, ಮೇಣದ ಹೊಳಪು, ಸ್ಟಿಕ್ಕರ್, ಕಚ್ಚಿದ್ರೆ ಕಟಕ್ ಅನ್ನೋ ಸದ್ದು, ತಾಜಾ ಅಂದ್ರೆ ಅದೇ ಅಂತ ಜನಕ್ಕೆ ಅಭ್ಯಾಸ ಆಯ್ತು.

ನನಗೆ ಸಂಕಟ ಆಗೋದು ಇಲ್ಲೇ. ಚಳಿದೇಶದ ಸೇಬಿನ ಅಳತೆಗೋಲು ಹಿಡ್ಕೊಂಡು ನಮ್ಮ ಸೆಕೆದೇಶದ ಹಣ್ಣುಗಳನ್ನ ಅಳೀತಿದೀವಿ. ಬಾಳೆ 13 ಡಿಗ್ರಿಗಿಂತ ಕೆಳಗಿಟ್ರೆ ಸಿಪ್ಪೆ ಕಪ್ಪಾಗುತ್ತೆ, ಮಾವಿನಕಾಯಿ ಫ್ರಿಜ್ಜಲ್ಲಿಟ್ರೆ ಸರಿಯಾಗಿ ಹಣ್ಣಾಗೋದೇ ಇಲ್ಲ. ರಸಪುರಿ ಮೆತ್ತಗಾದಾಗ್ಲೇ ರುಚಿ, ಏಲಕ್ಕಿ ಬಾಳೆ ಚಿಪ್ಪಿಂದ ಉದುರೋ ಹೊತ್ತಿಗೇ ರುಚಿ, ಆದ್ರೆ ಉದುರಿದ್ದನ್ನ ರ‍್ಯಾಕಲ್ಲಿ ಜೋಡಿಸಿಡೋಕೆ ಆಗಲ್ಲ. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅದು ಕಮ್ಮಿ ಆಗೋಕೆ ದೊಡ್ಡ ಕಾರಣ ಪನಾಮ ಸೊರಗು ರೋಗ ನಿಜ, ಆದ್ರೆ ಇವತ್ತು ಯಾರಾದ್ರೂ ಕಷ್ಟಪಟ್ಟು ಬೆಳೆದು ತಂದ್ರೂ ಆ ತೆಳು ಸಿಪ್ಪೆ ಹಣ್ಣನ್ನ "ಕೊಳೆತಿದೆ" ಅಂತ ಪಕ್ಕಕ್ಕೆ ಸರಿಸೋ ಕೈಗಳೇ ಜಾಸ್ತಿ.

ಹಾಗಾಗಿ ಸೇಬು ಆರಿಸೋಕೆ ಮಕ್ಕಳಿಗೆ ಬಿಡಿ, ಗಟ್ಟಿ ಇರೋದನ್ನೇ ಆರಿಸ್ತಾರೆ, ತಂದು ಫ್ರಿಜ್ಜಲ್ಲಿಡಿ. ಬಾಳೆ, ಮಾವು ಅತ್ತೆಗೆ ಬಿಡಿ, ಹೊರಗೆ ಬುಟ್ಟೀಲಿಡಿ, ಕಾಯಿ ಬೇಗ ಹಣ್ಣಾಗಬೇಕು ಅಂದ್ರೆ ಪಕ್ಕದಲ್ಲಿ ಒಂದು ಸೇಬು ಇಟ್ರೆ ಸಾಕು. ಸಿಪ್ಪೆ ಮೇಲೆ ಕಂದು ಚುಕ್ಕೆ ಬಂದಿರೋ ಬಾಳೆಹಣ್ಣು ಇದ್ರೆ ಅತ್ತೆ ಕೈಲಿ ಬೆಲ್ಲ, ಏಲಕ್ಕಿ ಹಾಕಿ ಸೀಕರಣೆ ಮಾಡಿಸಿ. ಮಕ್ಕಳು ತಿಂದು ಏನಂದ್ರು ಅಂತ ತಪ್ಪದೆ ಬರೀರಿ.