ಸ್ಟೀಫನ್ ಲೀಕಾಕ್: ಅರ್ಥಶಾಸ್ತ್ರಜ್ಞರ ಹಾಸ್ಯ

ಪ್ರಶ್ನೆ: ಕೆನಡಾದ ಹಾಸ್ಯ ಲೇಖಕ ಸ್ಟೀಫನ್ ಲೀಕಾಕ್ ಅರ್ಥಶಾಸ್ತ್ರದ ಪ್ರಾಧ್ಯಾಪಕರೂ ಆಗಿದ್ದರೆಂಬುದು ನಿಜವೇ? ಅವರ ಬರಹಗಳಲ್ಲಿ ಮೊದಲು ಯಾವುದನ್ನು ಓದಬೇಕು?

ಉತ್ತರ: ನಿಜ. 1869ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಕುಟುಂಬದೊಡನೆ ಕೆನಡಾದ ಆಂಟೇರಿಯೊ ಪ್ರಾಂತ್ಯಕ್ಕೆ ಬಂದು ನೆಲೆಸಿದ ಲೀಕಾಕ್, 1903ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 1936ರವರೆಗೆ ಪಾಠ ಹೇಳಿದರು.

ಮೊದಲು ಓದಬೇಕಾದದ್ದು 1910ರ 'ಲಿಟರರಿ ಲ್ಯಾಪ್ಸಸ್' ಸಂಕಲನದಲ್ಲಿರುವ 'ಮೈ ಫೈನಾನ್ಷಿಯಲ್ ಕೆರಿಯರ್'. ಬ್ಯಾಂಕ್ ಎಂದರೆ ಕೈಕಾಲು ನಡುಗುವ ಒಬ್ಬಾತ 56 ಡಾಲರ್ ಹಿಡಿದು ಖಾತೆ ತೆರೆಯಲು ಹೋಗುತ್ತಾನೆ. ಮ್ಯಾನೇಜರನ್ನು ಏಕಾಂತದಲ್ಲಿ ಕಾಣಬೇಕೆಂದು ಕೇಳಿದ್ದರಿಂದ ಅವರು ಇವನನ್ನು ಪತ್ತೇದಾರನೆಂದೇ ಭಾವಿಸುತ್ತಾರೆ. ಹೊರಡುವಾಗ ದಾರಿ ತಪ್ಪಿ ತಿಜೋರಿಯೊಳಕ್ಕೆ ಕಾಲಿಡುತ್ತಾನೆ. ಕೊನೆಗೆ 6 ಡಾಲರ್ ಪಡೆಯಲೆಂದು ಬರೆದ ಚೆಕ್ಕಿನಲ್ಲಿ ಗಾಬರಿಯಿಂದ ಪೂರ್ತಿ 56 ಎಂದೇ ಬರೆದುಬಿಡುತ್ತಾನೆ. ಹಣದ ಶಾಸ್ತ್ರವನ್ನು ಬಲ್ಲವರು ಹಣದ ಮುಂದೆ ಸಾಮಾನ್ಯನಿಗಾಗುವ ದಿಗಿಲನ್ನು ಇಷ್ಟು ಅಂತಃಕರಣದಿಂದ ಬರೆದಿರುವುದೇ ನನಗೆ ಬಹಳ ಪ್ರಿಯವಾದ ಸಂಗತಿ.

ಅನಂತರ 1912ರ 'ಸನ್‌ಶೈನ್ ಸ್ಕೆಚಸ್ ಆಫ್ ಎ ಲಿಟಲ್ ಟೌನ್' ಓದಿರಿ. ಅದರ ಮಾರಿಪೋಸಾ ಎಂಬ ಊರಿಗೆ ಒರಿಲಿಯಾ ಪಟ್ಟಣವೇ ಮಾದರಿ. ಲೀಕಾಕ್ 1944ರಲ್ಲಿ ತೀರಿಕೊಂಡರು. ಕೆನಡಾದ ಹಾಸ್ಯ ಕೃತಿಗಳಿಗೆ ಅವರ ಹೆಸರಿನ ಪದಕವನ್ನು 1947ರಿಂದ ನೀಡಲಾಗುತ್ತಿದೆ.